ಹದಿಮೂರು ಆಕ್ಸಿಜನ್

ಆಗುವ ಮಾತಲ್ಲ ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ನಾನು ಹತ್ತನೆಯ ತರಗತಿ ಪಾಸಾಗಿ, ಸೈನ್ಸ್ ತಗೊಂಡು ಪದವಿ ಮಾಡುತ್ತೇನೆ ಎಂದ ದಿನ ಅವಳು ತಿಕೋಂಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಕುರಿ ಕಾಯೋ ಮನಿತನದಾಗ ಪದವಿ? ಟಗರು ಮರಿ ಹಾಕಿದಂಗ ಆತು ಬಿಡ ತಮ್ಮಾ," ಎಂದು ಅಪ್ಪನಿಗೆ ಹೇಳಿ ಎಲೆ ಬಾಯಿಗಿಟ್ಟುಕೊಂಡಳು.

ಅಪ್ಪ ನಕ್ಕ. ಅತ್ತೆಯ ಮಾತಿಗಿಂತ ಆ ನಗು ನನ್ನನ್ನು ಹೆಚ್ಚು ಚುಚ್ಚಿತು.

ಹಾಗೆಂದವಳ ಮನೆಯಲ್ಲೇ ಎರಡು ವರ್ಷ ಉಂಡೆ. ತಿಕೋಂಡಿಯಿಂದ ಜತ್ತಿನ ಕಾಲೇಜಿಗೆ ದಿನಾ ಹೋಗಿ ಬರುವುದು ಆಗುತ್ತಿರಲಿಲ್ಲ. ಅತ್ತೆಯ ಮನೆ ಮುಚ್ಚಂಡಿಯಲ್ಲಿ, ಅಲ್ಲಿಂದ ಬಸ್ಸು ಸಲೀಸು. "ಇರ್ಲಿ ಬಿಡ, ನಮ್ಮ ಹುಡುಗಿಗೂ ಜೋಡಿ ಆಗ್ತೈತಿ," ಎಂದು ಅತ್ತೆಯೇ ಕರೆದಳು. ಅಪ್ಪ ಮಾತ್ರ ಒಂದು ಕರಾರು ಹಾಕಿದ. ಹನ್ನೊಂದನೆಯ ತರಗತಿಯಲ್ಲಿ ಒಂದೇ ವಿಷಯ ಹೋದರೂ ಕಲಿಯುವುದು ಬಂದ್. ಅವ್ವನ ಬೆನ್ನು ಹತ್ತಿ ಬೇದಾಣೆ ಶೆಡ್ಡಿಗೆ ಹೋಗಬೇಕು. ನಮ್ಮ ಕಡೆ ಒಣದ್ರಾಕ್ಷಿಗೆ ಬೇದಾಣೆ ಎನ್ನುತ್ತಾರೆ. ಅವ್ವ ಆ ಶೆಡ್ಡಿನಲ್ಲೇ ಹೆಣ್ಣಾಳು.

ಅತ್ತೆಯ ಮಗಳು ನನ್ನ ಓರಿಗೆಯವಳು, ಕಾಲೇಜಿನಲ್ಲೂ ಒಂದೇ ತರಗತಿ. ನಮ್ಮ ಸೀಮೆ ಮಹಾರಾಷ್ಟ್ರದ ಗಡಿಯೊಳಗಿನದು, ಎರಡೂ ಭಾಷೆಯ ಸಾಲಿಗಳಿವೆ. ಅವಳು ಕಲಿತದ್ದು ಮರಾಠಿ ಸಾಲಿ, ನಾನು ಕನ್ನಡ ಸಾಲಿ. ಕಾಲೇಜಿನಲ್ಲಿ ಪುಸ್ತಕ ಇಂಗ್ಲಿಷು, ಸರ್ ತಿಳಿಸಿ ಹೇಳುವುದು ಮರಾಠಿಯಲ್ಲಿ. ಸಂತೆಯ ಮರಾಠಿ ನನಗೂ ಬರುತ್ತಿತ್ತು. ರಸಾಯನಶಾಸ್ತ್ರದ ಮರಾಠಿ ಬರುತ್ತಿರಲಿಲ್ಲ. ಸರ್ ಹೇಳಿದ್ದನ್ನು ನಾನು ತಲೆಯೊಳಗೆ ಕನ್ನಡಕ್ಕೆ ತಿರುವುವಷ್ಟರಲ್ಲಿ ಅವಳ ಕೈ ಮೇಲೆದ್ದಿರುತ್ತಿತ್ತು.

ಸಮೀಕರಣ ಸರಿದೂಗಿಸುವ ಪಾಠ ಬಂದಾಗ ನನ್ನ ಹೊಟ್ಟೆಯುರಿಗೆ ಮಿತಿಯೇ ಉಳಿಯಲಿಲ್ಲ. ಬಾಣದ ಗುರುತಿನ ಎಡಕ್ಕೆ ಎಷ್ಟು ಪರಮಾಣು ಇವೆಯೋ ಬಲಕ್ಕೂ ಅಷ್ಟೇ ಇರಬೇಕು, ಒಂದೂ ಹುಟ್ಟಬಾರದು, ಒಂದೂ ಸಾಯಬಾರದು. ಅವಳು ಅದನ್ನು ರೊಟ್ಟಿ ಮುರಿಯುತ್ತಾ ಮಾಡುತ್ತಿದ್ದಳು. ಬಲಗೈ ರೊಟ್ಟಿಗೆ, ಎಡಗೈ ಬೆರಳು ಪುಸ್ತಕದ ಮೇಲೆ, "ಇಲ್ಲಿ ಎರಡು, ಅಲ್ಲಿ ಮೂರು," ಮುಗಿಯಿತು. ನಾನು ಒಂದು ಹಾಳೆ ಬರೆದು ಗೀಚಿ ಹರಿದಿರುತ್ತಿದ್ದೆ. ಅವಳು ಕೆಟ್ಟವಳಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆದರೆ ಅವಳು ತನ್ನ ವಹಿಯನ್ನು, ಅಂದರೆ ನೋಟ್‌ಬುಕ್ಕನ್ನು, ಕೇಳದೆಯೇ ನನ್ನ ಮುಂದೆ ತಳ್ಳುತ್ತಿದ್ದಳು. "ತಗೋ ಲೇ, ನೋಡಿ ಬರ್ಕೋ." ಆ ವಹಿಯ ದುಂಡು ಅಕ್ಷರ ನೋಡಿದರೆ ಅದನ್ನು ಒಲೆಗೆ ಹಾಕಬೇಕೆನಿಸುತ್ತಿತ್ತು.

ಒಂದು ದಿನ ಸರ್ ನನ್ನನ್ನು ಫಳ್ಯದ, ಕಪ್ಪುಹಲಗೆಯ, ಮುಂದೆ ನಿಲ್ಲಿಸಿದರು. ಹೈಡ್ರೋಜನ್, ಆಕ್ಸಿಜನ್ ಕೂಡಿ ನೀರಾಗುವ ಸಮೀಕರಣ. ಎಡಕ್ಕೆ ಆಕ್ಸಿಜನ್ ಎರಡು, ಬಲಕ್ಕೆ ಒಂದು. ನನಗೆ ತೋಚಿದ್ದು ಸುಲಭದ ದಾರಿ: H₂O ಇದ್ದದ್ದನ್ನು H₂O₂ ಮಾಡಿದೆ. ಎರಡೂ ಕಡೆ ಲೆಕ್ಕ ಸಮ. ಹೆಮ್ಮೆಯಿಂದ ಸೀಮೆಸುಣ್ಣ ಕೆಳಗಿಟ್ಟೆ.

"ಅಗ, ಹೇ ಪಾಣೀ ನಾಹೀ," ಎಂದರು ಸರ್. ಇದು ನೀರಲ್ಲ, ಗಾಯಕ್ಕೆ ಹಾಕಿದರೆ ಬುರುಗು ಬರುತ್ತದಲ್ಲ, ಆ ಔಷಧ. ಲೆಕ್ಕ ಕೂಡಿಸಲು ಹೋಗಿ ಪದಾರ್ಥವನ್ನೇ ಬದಲಿಸಿದ್ದೀ. ತರಗತಿ ನಕ್ಕಿತು. ಅತ್ತೆಯ ಮಗಳು ನಗಲಿಲ್ಲ. ಎದ್ದು ಬಂದು, ನಾನು ಕೆಳಗೆ ಸೇರಿಸಿದ ಎರಡನ್ನು ಒರೆಸಿ, ಹೈಡ್ರೋಜನ್ ಮುಂದೊಂದು ಎರಡು, ನೀರಿನ ಮುಂದೊಂದು ಎರಡು ಬರೆದು, ಹೋಗಿ ಕುಳಿತಳು. ಸರ್ "ಶಾಬ್ಬಾಸ್" ಎಂದರು. ಕೆಳಗಿನ ಅಂಕಿ ಮುಟ್ಟಬಾರದು, ಮುಂದಿನ ಅಂಕಿಯನ್ನಷ್ಟೇ ಬದಲಿಸಬೇಕು ಎಂದು ಬರೆದುಕೊಂಡೆ. ಬರೆದುಕೊಂಡೆ, ಅಷ್ಟೆ. ಯಾಕೆ ಮುಟ್ಟಬಾರದು ಎಂಬುದು ತಲೆಗೆ ಹೋಗಲಿಲ್ಲ.

ದ್ರಾಕ್ಷಿಯ ಸುಗ್ಗಿ ಬಂತು. ರವಿವಾರ ಊರಿಗೆ ಹೋದವಳು ಅವ್ವನ ಜೊತೆ ಶೆಡ್ಡಿಗೆ ಹೋದೆ. ಕೊಯ್ದ ದ್ರಾಕ್ಷಿಯನ್ನು ಹಾಗೇ ಒಣಹಾಕುವುದಿಲ್ಲ. ಟಬ್ಬಿನ ನೀರಿಗೆ ಕಾರ್ಬೋನೇಟ್ ಪುಡಿ, ಡಿಪ್ಪಿಂಗ್ ಎಣ್ಣೆ ಹಾಕಿ ಕಲಸಿ, ಕ್ರೇಟುಗಳನ್ನು ಅದರಲ್ಲಿ ಅದ್ದಿ ತೆಗೆದು, ಆಮೇಲೆ ಜಾಳಿಗೆಯ ಮೇಲೆ ಹರವುತ್ತಾರೆ. ಕಲಸುವುದು ಅವ್ವನ ಕೆಲಸ. ಆ ಶೆಡ್ಡಿನಲ್ಲಿ ಅವಳ ಕೈ ಅಂದರೆ ಕೈ. ಅವಳು ಕಲಸಿದ ಟಬ್ಬಿನ ಬೇದಾಣೆ ಹಸಿರು ಬಂಗಾರದ ಬಣ್ಣ ಬಿಡುತ್ತಿತ್ತು.

ಮಧ್ಯಾಹ್ನ ಇನ್ನೊಂದು ಟೆಂಪೋ ದ್ರಾಕ್ಷಿ ಬಂತು. ಅವ್ವ ಊಟಕ್ಕೆ ಕುಳಿತಿದ್ದಳು. "ಮತ್ತೊಂದು ಟಬ್ ಕಲಸ ಹೋಗ, ಅಳತಿ ಗೊತ್ತೈತೆಲ್ಲ?" ಎಂದಳು. ಗೊತ್ತಿತ್ತು. ಆದರೆ ನೀರಿನ ಟಾಕಿ ದೂರ. ಮುಚ್ಚಂಡಿಯಲ್ಲಿ ಅತ್ತೆಯ ಮಗಳು ಈ ಹೊತ್ತಿಗೆ ಎಷ್ಟು ಪುಟ ಓದಿರುತ್ತಾಳೋ ಎಂಬ ಒಂದೇ ಯೋಚನೆ ನನ್ನದು. ಎರಡನೆಯ ಟಬ್ಬಿಗೆ ಹಾಕಬೇಕಾದ ಪುಡಿಯನ್ನೂ ಮೊದಲನೆಯದಕ್ಕೇ ಸುರಿದೆ. ದ್ರಾಕ್ಷಿ ಎರಡು ಪಟ್ಟು, ಪುಡಿ ಎರಡು ಪಟ್ಟು, ಲೆಕ್ಕ ಸರಿಯಾಯಿತಲ್ಲ?

ಮುಂದಿನ ರವಿವಾರ ಹೋದಾಗ ಆ ಸಾಲಿನ ಜಾಳಿಗೆಗಳ ತುಂಬಾ ಕಪ್ಪು. ಸಿಪ್ಪೆ ಸುಟ್ಟು, ಹುಣಸೆಬೀಜದ ಹಾಗೆ ಕಪ್ಪು. ಶೆಡ್ಡಿನ ಮಾಲೀಕ ಅವ್ವನನ್ನು ಟಬ್ಬಿನ ಕೆಲಸದಿಂದ ಎಬ್ಬಿಸಿ ಒಣಗಿದ ಬೇದಾಣೆಯ ಕಡ್ಡಿ ಆರಿಸಲು ಕೂರಿಸಿದ್ದ. ಮಾಡಿದ್ದು ಮಗಳು ಎಂದು ಅವಳು ಬಾಯಿ ಬಿಟ್ಟಿರಲಿಲ್ಲ. ನನ್ನನ್ನು ನೋಡಿ ಕಡ್ಡಿ ಆರಿಸುತ್ತಲೇ ಅಂದಳು:

"ಹಣ್ಣ ಹೆಚ್ಚಾದ್ರ ಟಬ್ ಹೆಚ್ಚ ಮಾಡಬೇಕವಾ. ಟಬ್ಬಿನಾಗಿಂದಕ್ಕ ಕೈ ಹಚ್ಚಿದ್ರ ಅದು ಬ್ಯಾರೇನೇ ಆಗ್ತೈತಿ. ಇಷ್ಟ ತಿಳೀದಕಿ ಏನ್ ಕಲೀತಿ ಅಲ್ಲಿ?"

ಫಳ್ಯದ ಮೇಲಿನ ಸಮೀಕರಣ ನೆನಪಾಯಿತು. ಮುಂದಿನ ಅಂಕಿ ಎಂದರೆ ಎಷ್ಟು ಟಬ್ಬು. ಕೆಳಗಿನ ಅಂಕಿ ಎಂದರೆ ಟಬ್ಬಿನೊಳಗಿನ ಅಳತೆ. ಸರ್ ವಾರಗಟ್ಟಲೆ ಮರಾಠಿಯಲ್ಲಿ ಹೇಳಿದ್ದನ್ನು, ಸಹಿ ಮಾಡಲು ಬಾರದ ನನ್ನವ್ವ ಕಡ್ಡಿ ಆರಿಸುತ್ತಾ ಹೇಳಿದ್ದಳು. ಅವಳ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬಸ್ಸಿಗೆ ಓಡಿದೆ.

ಆಮೇಲೆ ಸಮೀಕರಣ ನನ್ನ ಕೈಗೆ ಬಂತು. ಪುಸ್ತಕದಲ್ಲಿದ್ದವೆಲ್ಲ ಮುಗಿಸಿ, ಹಳೆಯ ಪ್ರಶ್ನಪತ್ರಿಕೆ ಹಿಡಿದೆ. ಅತ್ತೆಯ ಮಗಳಿಗೆ ಹೇಳಲಿಲ್ಲ. ತರಗತಿಯಲ್ಲಿ ಕೈ ಎತ್ತಲಿಲ್ಲ. ದಡ್ಡಿಯ ಹಾಗೇ ಕುಳಿತೆ. ಪರೀಕ್ಷೆಯಲ್ಲೇ ತೋರಿಸಬೇಕೆಂಬ ಹಟ.

ಪರೀಕ್ಷೆಯ ಹಿಂದಿನ ದಿನ ಬಸ್ಸಿನಲ್ಲಿ ಅವಳು ನನ್ನ ಪಕ್ಕಕ್ಕೆ ಸರಿದಳು. ಸಿಲಿಂಡರಿನ ಗ್ಯಾಸು, ಬ್ಯೂಟೇನ್, ಉರಿಯುವ ಸಮೀಕರಣ. "ಇದೊಂದು ಬರವಲ್ದು ಲೇ. ಬಲಕ್ಕ ಆಕ್ಸಿಜನ್ ಹದಿಮೂರು ಆಗ್ತಾವು. ಎಡಕ್ಕ ಜೋಡಿಜೋಡೀಲೆ ಬರ್ತಾವು. ಆರೂವರಿ ಜೋಡಿ ಹ್ಯಾಂಗ ಬರೀಲಿ? ನಿನಗ ಬಂತೇನು?"

ನನಗೆ ಬರುತ್ತಿತ್ತು. ಎಲ್ಲವನ್ನೂ ಎರಡು ಟಬ್ಬು ಮಾಡಿದರಾಯಿತು: ಗ್ಯಾಸೂ ಎರಡು, ಆಗ ಆಕ್ಸಿಜನ್ ಜೋಡಿ ಪೂರಾ ಹದಿಮೂರು. ನನ್ನ ವಹಿಯ ಕಡೆಯ ಹಾಳೆಯಲ್ಲಿ ಬರೆದೂ ಇಟ್ಟಿದ್ದೆ, ಆ ವಹಿ ನನ್ನ ತೊಡೆಯ ಮೇಲೇ ಇತ್ತು.

"ನನಗ ಬರ್ತಿದ್ರ ನಿನ್ನ ವಹಿ ಯಾಕ ನೋಡ್ತಿದ್ದೆ?" ಎಂದೆ.

"ಹೌದಲ್ಲ," ಎಂದು ಅವಳು ನಕ್ಕಳು, ನನ್ನ ಮಾತು ಪೂರಾ ನಂಬಿ.

ಮರುದಿನ ಅದೇ ಪ್ರಶ್ನೆ ಬಂತು. ಫಲಿತಾಂಶದಲ್ಲಿ ಇಬ್ಬರೂ ಪಾಸು. ರಸಾಯನಶಾಸ್ತ್ರದಲ್ಲಿ ನಾನು ಮುಂದೆ, ಆ ಒಂದು ಪ್ರಶ್ನೆಯಷ್ಟೇ ಮುಂದೆ. ಅಪ್ಪನ ಕರಾರು ಗೆದ್ದೆ. ಆ ಒಂದು ಪ್ರಶ್ನೆ ಇಲ್ಲದಿದ್ದರೂ ಗೆಲ್ಲುತ್ತಿದ್ದೆ. ಅವಳಿಗೆ ಹೇಳಿಕೊಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಇದು ಆಗಲೇ ತಿಳಿದಿತ್ತು, ಆದರೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಹನ್ನೆರಡನೆಯ ತರಗತಿ ಮುಗಿದೊಡನೆ ಅತ್ತೆ ತನ್ನ ಮಗಳಿಗೆ ಗಂಡು ನೋಡಿದಳು. ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ನಾನು ಎಣಿಸಿದ್ದು ಒಂದೇ: ಇನ್ನು ಓಟದಲ್ಲಿ ನಾನೊಬ್ಬಳೇ. ಜತ್ತಿನ ಹಾಸ್ಟೆಲಿನಲ್ಲಿದ್ದು ಮೂರು ವರ್ಷ ಬಿ.ಎಸ್ಸಿ. ಮಾಡಿದೆ. ಪ್ರಯೋಗಶಾಲೆಯಲ್ಲಿ ಸೋಸುವ ಕಾಗದದ ಮೇಲೆ ಉಳಿಯುವ ಪ್ರತಿ ಗಸಿಯನ್ನೂ ನೋಡುವಾಗ, ಅವಳಾಗಿದ್ದರೆ ನನಗಿಂತ ಲಗೂ ಗುರುತಿಸುತ್ತಿದ್ದಳು ಎನಿಸುತ್ತಿತ್ತು. ಇಲ್ಲದವಳ ಮೇಲೂ ಹೊಟ್ಟೆಯುರಿ ಇರುತ್ತದೆ.

ಪ್ರಮಾಣಪತ್ರ ಕೈಗೆ ಬಂದ ದಿನ ತಿಕೋಂಡಿಯ ಬಸ್ಸು ಹತ್ತಲಿಲ್ಲ. ನೆಟ್ಟಗೆ ಮುಚ್ಚಂಡಿಗೆ ಹೋದೆ. ಅವ್ವನಿಗಿಂತ ಮೊದಲು ಅತ್ತೆಗೆ ತೋರಿಸಬೇಕಿತ್ತು. ನನ್ನ ಬುದ್ಧಿ ಅಷ್ಟೇ. ಅತ್ತೆಯ ಮಗಳು ತವರಿಗೆ ಬಂದಿದ್ದಳು. ಒಳಗೆ ಗ್ಯಾಸಿನ ಮೇಲೆ ಚಹಾ ಇಟ್ಟಿದ್ದಳು.

ಅತ್ತೆಯ ಕೈಯಲ್ಲಿ ಪ್ರಮಾಣಪತ್ರ ಇಟ್ಟೆ. ಅವಳು ಅಂಗೈ ಸೀರೆಗೆ ಒರೆಸಿಕೊಂಡು ಹಿಡಿದಳು. ಬಹಳ ಹೊತ್ತು ಅದರ ಮುದ್ರೆಯನ್ನೇ ನೋಡಿ, "ಮರಿ ಹಾಕಿತಲ್ಲವ್ವಾ ಟಗರು!" ಎಂದು ಬೊಕ್ಕಬಾಯಿ ತೆರೆದು ನಕ್ಕಳು. "ತಗೋ, ನೀ ಓದಿ ಹೇಳ ನನಗ," ಎಂದು ಮಗಳಿಗೆ ಕೊಟ್ಟಳು.

ಅವಳು ಬಾಗಿಲಲ್ಲಿ ನಿಂತು ನನ್ನ ಹೆಸರಿನಿಂದ ಹಿಡಿದು ಕಡೆಯ ಸಹಿಯವರೆಗೂ ಗಟ್ಟಿಯಾಗಿ ಓದಿದಳು. ಓದಿ, ಮಡಚದೆ, ಎರಡೂ ಕೈಯಿಂದ ನನಗೆ ತಿರುಗಿ ಕೊಟ್ಟಳು. ಆಮೇಲೆ, ಅತ್ತೆಗೆ ಕೇಳದಷ್ಟು ಮೆಲ್ಲಗೆ:

"ಪರೀಕ್ಷಿ ಮುಗದ ಮ್ಯಾಲ ನಿನ್ನ ವಹಿ ಕಡೀ ಹಾಳಿ ನೋಡಿದ್ನಿ ಲೇ. ಹದಿಮೂರು ಅಂತ ಬರದಿದ್ದಿ. ಅದು ಹ್ಯಾಂಗ ಬಂತಂತ ಇವತ್ತರ ಹೇಳಿಕೊಡ."