ಆರೂವರೆಯ ಬೆಂಕಿ

ನಮ್ಮ ಚಿಕ್ಕಮ್ಮನನ್ನು ಕೆಲಸದಿಂದ ತೆಗೆದ ಆದೇಶವನ್ನು ಟೈಪ್ ಮಾಡಿದವನು ನಾನೇ. ಬೇರೆಯವರ ಬಾಯಿಂದ ನೀವು ಕೇಳುವುದು ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ.

ಚಿಕ್ಕಮ್ಮ ನಮ್ಮ ಅರಣ್ಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ದಿನಗೂಲಿಗೆ ದುಡಿದವಳು. ಬೇಸಿಗೆ ಬಲಿಯುವ ಮೊದಲೇ ಊರಿಗೂ ಕಾಡಿಗೂ ನಡುವೆ ಮೂವತ್ತಡಿ ಅಗಲದ ಒಣಹುಲ್ಲನ್ನು ಸುಟ್ಟು ಬರಿದು ಮಾಡುವುದು ಅವಳ ತಂಡದ ಕೆಲಸ. ಮುಂದೆ ಕಾಡಿಗೆ ಬೆಂಕಿ ಬಿದ್ದರೂ ಅದು ಈ ಪಟ್ಟಿಯನ್ನು ದಾಟಿ ಮನೆಗಳಿಗೆ ಬರಬಾರದು. ತಂಡವೆಂದರೆ ಆರು ಹೆಂಗಸರು, ಹಸಿ ಸೊಪ್ಪಿನ ಕಟ್ಟು, ನೀರಿನ ಡಬ್ಬ. ಚಿಕ್ಕಮ್ಮ ಒಂದು ಹಿಡಿ ಹುಲ್ಲು ಕಿತ್ತು, ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ಪಟ್ಟೆಂದು ಸದ್ದಾದರೆ ಆ ದಿನ ಕಡ್ಡಿ ಗೀರುವ ಮಾತೇ ಇಲ್ಲ. ಇಬ್ಬನಿ ಪೂರ್ತಿ ಆರುವ ಮುಂಚೆ, ಗಾಳಿಗೆ ಎದುರಾಗಿ ಹಚ್ಚಿ, ಎಂಟಕ್ಕೆಲ್ಲ ಮುಗಿಸಿ, ಮಸಿ ಮುಖದಲ್ಲೇ ನಮ್ಮ ಮನೆಗೆ ಟೀ ಕುಡಿಯಲು ಬರುತ್ತಿದ್ದಳು. "ಏನು ದೊರೆ, ಕುರ್ಚಿ ಬಿಸಿಯಾಯ್ತಾ?" ಎಂದು ನನ್ನನ್ನು ಛೇಡಿಸುತ್ತಿದ್ದಳು. ಇಷ್ಟು ವರ್ಷದಲ್ಲಿ ಒಬ್ಬರ ಬೇಲಿಯ ಗೂಟವೂ ಸುಟ್ಟಿಲ್ಲ.

ಈ ವರ್ಷ ಅವಳ ಕೆಲಸ ಖಾಯಂ ಆಗುವುದಿತ್ತು. ಸಹಿಗೆಂದು ಕಡತವನ್ನು ಸಾಹೇಬರ ಮೇಜಿನ ಮೇಲೆ ನಾನೇ ಇಟ್ಟಿದ್ದೆ.

ಅಷ್ಟರಲ್ಲಿ ಸಾಹೇಬರಿಗೆ ಹೊಸ ಹುಚ್ಚು ಹಿಡಿಯಿತು. ಹುಲ್ಲು ಸುಡುವುದಕ್ಕೆ ಉದ್ಘಾಟನೆಯಂತೆ! ಮುಖ್ಯ ಅತಿಥಿ, ಶಾಮಿಯಾನ, ಫೋಟೋಗ್ರಾಫರ್, ರಿಬ್ಬನ್ ಸುತ್ತಿದ ಪಂಜು. ಅತಿಥಿಗೆ ಬಿಡುವಿದ್ದದ್ದು ಹನ್ನೊಂದು ಗಂಟೆಗೆ.

ಚಿಕ್ಕಮ್ಮ ಹೋಗಿ ಹೇಳಿದಳು. "ಹನ್ನೊಂದಕ್ಕೆ ಬೇಡ ಸಾರ್. ಅಷ್ಟೊತ್ತಿಗೆ ಗಾಳಿ ಊರ ಕಡೆ ತಿರುಗುತ್ತೆ. ಕೆಳಗಿನ ಸಾಲಲ್ಲಿ ನಲವತ್ತು ಮನೆ ಇದಾವೆ."

"ನೀನು ನನಗೆ ಪಾಠ ಹೇಳ್ಬೇಡ," ಎಂದರು ಸಾಹೇಬರು. ಎಸಿ ಕೋಣೆ ಬಿಟ್ಟು ಆಚೆ ಕಾಲಿಡದ ಮನುಷ್ಯ! ನಾನು ಅಲ್ಲೇ ಫೈಲು ಹಿಡಿದು ನಿಂತಿದ್ದೆ.

ಸಮಾರಂಭದ ದಿನ ಬೆಳಿಗ್ಗೆ ಆರೂವರೆಗೆ ಚಿಕ್ಕಮ್ಮ ತನ್ನ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಬೆಂಕಿ ಹಚ್ಚಿದಳು. ಎಂಟಕ್ಕೆ ಪಟ್ಟಿ ಅಚ್ಚುಕಟ್ಟಾಗಿ ಸುಟ್ಟು ತಣ್ಣಗಾಗಿತ್ತು. ಅತಿಥಿ ಬಂದಾಗ ಹಚ್ಚಲು ಒಂದೆಳೆ ಹುಲ್ಲೂ ಉಳಿದಿರಲಿಲ್ಲ. ಶಾಮಿಯಾನದ ಬಟ್ಟೆ ಊರ ಕಡೆಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಎಲ್ಲರೂ ಅದನ್ನು ಕಂಡರು.

ಮಧ್ಯಾಹ್ನ ಸಾಹೇಬರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. 'ಅನುಮತಿಯಿಲ್ಲದೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಬೆಂಕಿ ಹಚ್ಚಿ, ಗ್ರಾಮದ ಸುರಕ್ಷತೆಗೆ ಧಕ್ಕೆ ತಂದಿರುವುದರಿಂದ...' ಎಷ್ಟು ಗಂಟೆಗೆ ಹಚ್ಚಿದಳೆಂದು ಅವರು ವಿಚಾರಿಸಲೂ ಇಲ್ಲ, ಆಮಂತ್ರಣ ಪತ್ರಿಕೆ ನೋಡಿ ಹೇಳಿದರು. ಗ್ರಾಮದ ಸುರಕ್ಷತೆಯಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಬೆರಳುಗಳು ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ.

ಸಂಜೆ ಆ ಹಾಳೆಯನ್ನು ಅವಳ ಮನೆಗೆ ಒಯ್ದದ್ದೂ ನಾನೇ. ಚಿಕ್ಕಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಹಾಳೆಯ ಮಧ್ಯೆ ಬೆರಳಿಟ್ಟಳು.

"ಕೆಲಸ ಹೋದ್ರೆ ಹೋಗ್ಲಿ ಬಿಡೋ. ಇದೇನಿದು ಹನ್ನೊಂದು ಗಂಟೆ? ನಾನು ಹಚ್ಚಿದ್ದು ಆರೂವರೆಗೆ. ಹನ್ನೊಂದಕ್ಕೆ ಹಚ್ಚಿದೆ ಅಂತ ನಾಳೆ ಯಾರಾದ್ರೂ ಓದಿದ್ರೆ ನನ್ನ ಮಾನ ಏನಾಗ್ಬೇಕು? ಹೋಗು, ತಿದ್ದಿಸ್ಕೊಂಡು ಬಾ."

ಮರುದಿನ ತಿದ್ದಿದ ಹಾಳೆಯನ್ನು ಸಾಹೇಬರ ಮುಂದಿಟ್ಟೆ. "ಆರೂವರೆ ಆದ್ರೇನು, ಹನ್ನೊಂದಾದ್ರೇನು? ಏನು ವ್ಯತ್ಯಾಸ?" ಎಂದು ಗೊಣಗುತ್ತ ಸಹಿ ಹಾಕಿದರು. ನಲವತ್ತು ಮನೆಗಳ ವ್ಯತ್ಯಾಸ ಸಾರ್ ಎನ್ನಬೇಕಿತ್ತು ನಾನು. ಸೀಲು ಒತ್ತಿ ಹೊರಗೆ ಬಂದೆ.