ಅಳತೆ ರವಿಕೆ ಕೇಳದ ಟೈಲರಕ್ಕ

ಹೋದ ತಿಂಗಳು ಮೂಡುಬಿದಿರೆಯ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಹೊಲಿಗೆ ಅಂಗಡಿಗೆ ರವಿಕೆ ಬಟ್ಟೆ ಕೊಡಲು ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಮಿಷನ್ ಎಣ್ಣೆಯ ವಾಸನೆ, ಅದರ ಜೊತೆ ಹೊಸ ಬಟ್ಟೆಯ ಗಂಜಿ ವಾಸನೆ. ಅಲ್ಲಿದ್ದ ಹುಡುಗಿ ಮೊಬೈಲಿನಿಂದ ತಲೆ ಎತ್ತದೆ, "ಅಳತೆ ರವಿಕೆ ಇಟ್ಟು ಹೋಗಿ ಆಂಟಿ" ಎಂದಳು. ಇಟ್ಟು ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಟೈಲರಕ್ಕ ನೆನಪಾದರು...

ನಮ್ಮ ವಾಮದಪದವಿನ ಟೈಲರಕ್ಕ ಯಾವತ್ತೂ ಅಳತೆ ರವಿಕೆ ತೆಗೆದುಕೊಂಡವರಲ್ಲ. ಬೇರೆ ಅಂಗಡಿಗಳಲ್ಲಿ ಹಳೆಯದೊಂದು ರವಿಕೆ ಕೊಟ್ಟರೆ ಅದೇ ಅಳತೆಗೆ ಹೊಲಿದುಕೊಡುತ್ತಿದ್ದರು. ಇವರು ಮಾತ್ರ ಪ್ರತಿ ಸಲವೂ ಹೆಂಗಸರನ್ನು ಪರದೆಯ ಹಿಂದೆ ಕರೆದು ಟೇಪು ಹಿಡಿಯುತ್ತಿದ್ದರು. ನಾನು ಆಗ ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನನ್ನಷ್ಟು ಅವಸರ ಊರಲ್ಲಿ ಯಾರಿಗೂ ಇರಲಿಲ್ಲ ನೋಡಿ! ಮೂರು ತಿಂಗಳ ಹಿಂದೆ ತೆಗೆದ ಅಳತೆ ಸಾಲದೇ ಎಂದು ರೇಗುತ್ತಿದ್ದೆ.

"ಮೈ ಯಾವಾಗ್ಲೂ ಒಂದೇ ಹಾಗೆ ಇರ್ತದಾ ಟೀಚರ್? ಒಳಗೆ ಬನ್ನಿ" ಎನ್ನುತ್ತಿದ್ದರು. ಉಳಿದವರ ಜೊತೆ ತುಳು, ನನ್ನ ಜೊತೆ ಮಾತ್ರ ಕನ್ನಡ. ಟೀಚರ್ ಎಂಬ ಮರ್ಯಾದೆಗೆ.

ಆ ಪೇಟೆಯಲ್ಲಿ ಗಂಡಸರು ಕಾಲಿಡದ ಜಾಗವೆಂದರೆ ಆ ಪರದೆಯ ಹಿಂಬದಿ ಒಂದೇ. ಟೇಪು ಹಿಡಿದವರಿಗೆ ಬೆನ್ನಿನ ಬಾಸುಂಡೆ ಕಾಣುತ್ತದೆ, ಎರಡೇ ತಿಂಗಳಲ್ಲಿ ಇಳಿದುಹೋದ ಮೈ ಕಾಣುತ್ತದೆ. ಅಕ್ಕ ಮೆಲ್ಲಗೆ ಕೇಳುತ್ತಿದ್ದರು. ಕೆಲವರು ಹೇಳುತ್ತಿದ್ದರು, ಕೆಲವರು ಬರೀ ಅಳುತ್ತಿದ್ದರು. ತೀರಾ ಕುಸಿದವರನ್ನು "ಲೈನಿಂಗ್ ಬಟ್ಟೆ ತರಲಿಕ್ಕೆ" ಎಂದು ಮನೆಯವರಿಗೆ ಹೇಳಿಸಿ, ಮೂಡುಬಿದಿರೆಯ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಬರುವಾಗ ನಿಜವಾಗಿಯೂ ಲೈನಿಂಗ್ ಬಟ್ಟೆ ತರುತ್ತಿದ್ದರು. ಮನೆಗೆ ಒಯ್ಯಲಾಗದವರ ಗುಳಿಗೆ ಅಂಗಡಿಯ ಗುಂಡಿ ಡಬ್ಬಿಯಲ್ಲೇ ಇರುತ್ತಿತ್ತು.

ಇದೆಲ್ಲ ನನಗೆ ತಿಳಿದದ್ದು ಅವರಿಗೆ ನನ್ನಿಂದ ಒಂದು ಕೆಲಸ ಆಗಬೇಕಾದಾಗ. ಕಕ್ಕಿಂಜೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದ ಹುಡುಗಿಯೊಬ್ಬಳಿದ್ದಳು. ಗಂಡ ಗಲ್ಫಿನ ಕೆಲಸ ಬಿಟ್ಟು ಬಂದು ಮನೆಯಲ್ಲಿ ಕುಳಿತಿದ್ದ, ಹೊಡೆಯುತ್ತಿದ್ದ. ಅಕ್ಕ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರಲ್ಲಿ ಇವಳೂ ಒಬ್ಬಳು. ಅವಳ ಅಪ್ಪ ಊರಿನ ನಾಲ್ಕು ಹಿರಿಯರನ್ನು ಸೇರಿಸಿ ಪಂಚಾತಿಕೆ ಇಟ್ಟರು. ನಮ್ಮಲ್ಲಿ ಹಾಗೆಯೇ. ಠಾಣೆಗೆ ಹೋದರೆ ಮರ್ಯಾದೆ ಹೋಗುತ್ತದೆ, ಜಗಲಿಯಲ್ಲಿ ಮುಗಿಸಿದರೆ ಉಳಿಯುತ್ತದೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂಬ ಮುಚ್ಚಳಿಕೆ ಬರೆಯಲು ಕನ್ನಡ ಟೀಚರಿಗೆ ಕರೆ ಬಂತು.

ಹಿಂದಿನ ದಿನ ಅಕ್ಕ ನನ್ನ ಮನೆಗೆ ಬಂದರು. "ಕೈ ಎತ್ತುವುದಿಲ್ಲ ಅಂತ ಅವನಿಂದ ಬರೆಸಿ. ವಾರಕ್ಕೊಂದು ದಿನ ಹೊಲಿಗೆ ಕಲಿಲಿಕ್ಕೆ ಅವಳನ್ನು ನನ್ನ ಅಂಗಡಿಗೆ ಬಿಡ್ಬೇಕು ಅಂತಲೂ ಬರೆಸಿ. ಅಷ್ಟಾದ್ರೆ ಡಾಕ್ಟರದ್ದೆಲ್ಲ ನಾನು ನೋಡಿಕೊಳ್ತೇನೆ. ಮದ್ದಿನ ವಿಷಯ ಮಾತ್ರ ಅಲ್ಲಿ ಬಾಯಿ ಬಿಡ್ಬೇಡಿ ಟೀಚರ್."

ಆದಿತ್ಯವಾರ ಬೆಳಿಗ್ಗೆ ಗಂಡನ ಮನೆಯ ಜಗಲಿಯಲ್ಲಿ ಸೇರಿದೆವು. ಎಲ್ಲರಿಗೂ ಪುನರ್ಪುಳಿ ಶರಬತ್ತು ತಂದುಕೊಟ್ಟವಳು ಅದೇ ಹುಡುಗಿ. ಟೈಲರಕ್ಕನಿಗೆ ಕುಳಿತುಕೊಳ್ಳಿ ಎಂದವರಿಲ್ಲ. ಅಂಗಳದಲ್ಲೇ ನಿಂತಿದ್ದರು. ಮೊದಲಿಗೆ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಹಿರಿಯರೊಬ್ಬರು ಅವನನ್ನು ಗದರಿಸಿಯೂ ಆಗಿತ್ತು. ಆಗ ಅತ್ತೆ ಬಾಗಿಲ ಸಂದಿಯಿಂದ, "ಇವಳು ಬೆಳಿಗ್ಗೆ ಏಳುವುದೇ ಇಲ್ಲ. ಅವನಿಗೆ ಸಿಟ್ಟು ಬಾರದೆ ಇರ್ತದಾ?" ಎಂದರು.

ನನಗೆ ಉರಿದುಹೋಯಿತು. "ಅವಳು ಸೋಮಾರಿ ಅಲ್ಲ. ಮನಸ್ಸಿನ ಡಾಕ್ಟರ ಮದ್ದು ತೆಗೆದುಕೊಳ್ತಿದ್ದಾಳೆ, ಅದಕ್ಕೆ ನಿದ್ದೆ ಬರ್ತದೆ" ಎಂದುಬಿಟ್ಟೆ. ಅವಳ ಪರವಾಗಿ ವಾದಿಸುತ್ತಿದ್ದೇನೆ ಎಂದುಕೊಂಡಿದ್ದೆ...

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ಗಂಡ ತಲೆ ಎತ್ತಿದ. "ಹುಚ್ಚು ಉಂಟು ಅಂತ ಮುಚ್ಚಿಟ್ಟು ನಂಗೆ ಕಟ್ಟಿದ್ದಾ?" ಎಂದು ಮಾವನನ್ನೇ ಕೇಳಿದ. ಆ ಬಡಪಾಯಿ ಅಪ್ಪ ಕೈ ಮುಗಿದರು. ಹೊಡೆತದ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ಮುಚ್ಚಳಿಕೆ ಕೊಟ್ಟವಳು ಅವಳೇ: ಗಂಡ, ಅತ್ತೆ ಹೇಳಿದ ಹಾಗೆ ಕೇಳಿಕೊಂಡಿರುತ್ತೇನೆ, ಹೇಳದೆ ಎಲ್ಲಿಗೂ ಹೋಗುವುದಿಲ್ಲ. ಬರೆದವಳು ನಾನು. ಎದ್ದು ಹೋಗಬಹುದಿತ್ತು, ಕಾಗದ ಹರಿದು ಹಾಕಬಹುದಿತ್ತು. ಹಿರಿಯರ ಎದುರು ಕುಳಿತು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಬರೆದೆ. ಅವಳು ಸಹಿ ಹಾಕಿದಳು. ಮದ್ದು ಅಂದೇ ನಿಂತಿತು. ಆಮೇಲೆ ಯಾರೋ ಪ್ರೇತದ ಉಪದ್ರ ಉಂಟು ಎಂದರಂತೆ, ಕೈಗೆ ಮಂತ್ರಿಸಿದ ನೂಲು ಕಟ್ಟಿಸಿದರಂತೆ.

ಮರುದಿನ ನನ್ನ ರವಿಕೆ ತರಲು ಹೋದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರವಿಕೆ ಮಡಚಿ ಕೊಡುತ್ತಾ, "ಇನ್ನು ಮುಂದೆ ನೀವು ಅಳತೆ ರವಿಕೆಯೇ ತನ್ನಿ ಟೀಚರ್" ಎಂದರು ಅಷ್ಟೆ.

ಎರಡು ವರ್ಷದ ನಂತರ ಅತ್ತೆ ಆಸ್ಪತ್ರೆ ಸೇರಿದ್ದ ಒಂದು ದಿನ ಅಕ್ಕ ಆ ಹುಡುಗಿಯನ್ನು ಹಾಡಹಗಲೇ ಮೂಡುಬಿದಿರೆಯ ಬಸ್ಸು ಹತ್ತಿಸಿ ತಾವೂ ಜೊತೆಗೆ ಹೋದರು. ಸಂಜೆ ಅಕ್ಕ ಒಬ್ಬರೇ ಊರಿಗೆ ಮರಳಿದರು. ಅಷ್ಟು ಸಾಕಾಯಿತು ನಮ್ಮೂರಿಗೆ. ಸಂಸಾರ ಒಡೆಯುವವಳು ಎಂದರು, ಹೆಣ್ಣುಮಕ್ಕಳ ತಲೆ ಕೆಡಿಸುವವಳು ಎಂದರು. ಆ ಪರದೆಯ ಹಿಂದೆ ಅತ್ತು ಹಗುರಾದ ಹೆಂಗಸರೂ ರವಿಕೆ ಬಟ್ಟೆಯನ್ನು ಬಂಟ್ವಾಳಕ್ಕೆ ಒಯ್ಯತೊಡಗಿದರು. ಅವರನ್ನು ಬೈಯಲು ನನಗೆ ಯಾವ ಬಾಯಿ? ನಾನೂ ಅತ್ತ ಹೋಗಲಿಲ್ಲ. ಅಕ್ಕ ಅಂಗಡಿ ಮುಚ್ಚಿ ಬೆಳ್ತಂಗಡಿ ಕಡೆಯ ತಮ್ಮನ ಮನೆ ಸೇರಿದರು. ಹೋದ ವರ್ಷ ತೀರಿಕೊಂಡರು. ಸುದ್ದಿ ಸಕಾಲಕ್ಕೆ ತಿಳಿದರೂ ನಾನು ಹೋಗಲಿಲ್ಲ. ಕಾಲು ನೋವು ಎಂದು ನನಗೆ ನಾನೇ ಹೇಳಿಕೊಂಡೆ...

ಮೊನ್ನೆ ರವಿಕೆ ತರಲು ಮೂಡುಬಿದಿರೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಕಕ್ಕಿಂಜೆಯ ಆ ಹುಡುಗಿ ಸಿಕ್ಕಿದಳು. ಕೈಯಲ್ಲಿ ಕಾಲೇಜಿನ ಯೂನಿಫಾರ್ಮಿನ ಕಟ್ಟು. ಹೊಲಿಗೆ ಮಾಡಿ ಬದುಕುತ್ತಿದ್ದಾಳೆ, ಮದ್ದೂ ಮತ್ತೆ ಶುರು ಮಾಡಿದ್ದಾಳಂತೆ. ಅಕ್ಕನ ಕೊನೆಯ ತಿಂಗಳಲ್ಲಿ ಜೊತೆಗಿದ್ದು ನೋಡಿಕೊಂಡವಳು ಇವಳೇ. ಮಾತಿನ ನಡುವೆ ತಟ್ಟನೆ ಹೇಳಿದಳು: "ಆ ಮುಚ್ಚಳಿಕೆ ಗಂಡನ ಮನೆಯವರು ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ರು ಟೀಚರ್. ಹೊಡೆಯುವ ಮೊದಲು ನನ್ನಿಂದ ಗಟ್ಟಿಯಾಗಿ ಓದಿಸ್ತಿದ್ರು. ಈಗ್ಲೂ ಬಾಯಿಪಾಠ ಉಂಟು."

ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನು. ನನ್ನಿಂದ ತಪ್ಪಾಯಿತು ಎಂದೆ, ಅಷ್ಟೆ.

"ಅಕ್ಕ ಇರುವಾಗ ಒಮ್ಮೆ ಬಂದು ಹೇಳ್ಬೇಕಿತ್ತು ಟೀಚರ್" ಎಂದಳು. "ಕಾದಿದ್ರು."

ಅವಳ ಬಸ್ಸು ಬಂತು. ಕಟ್ಟನ್ನು ಎತ್ತಿಕೊಡಲು ಕೈ ಚಾಚಿದೆ. ಬೇಡ ಎಂದು ತಾನೇ ಎತ್ತಿಕೊಂಡು ಹತ್ತಿದಳು.