ಅವ್ವ ಕಟ್ಟಿಟ್ಟ ಹಿಡಿ ಅಕ್ಕಿ

ಕಳೆದ ವರ್ಷ ನನ್ನ ತಂಗಿ ಮೂರು ವರ್ಷದ ಮಗಳನ್ನು ಕರೆದುಕೊಂಡು ತಾಳಗುಂದದ ನಮ್ಮ ಮನೆಗೆ ಬಂದಳು. ಅವಳ ಗಂಡ ಸೊರಬದವರು; ಹೊರರಾಜ್ಯದ ಕಡಲ ದಂಡೆಯ ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ, ಸಂಸಾರವೂ ಅಲ್ಲೇ. ಅಲ್ಲಿ ಅಪಘಾತವಾಗಿ ಸ್ಥಾವರ ನಿಂತಿತ್ತು. ಈಗ ಮತ್ತೆ ಶುರು ಮಾಡುತ್ತೇವೆಂದಾಗ ಸುತ್ತಲಿನ ಊರಿನವರು ಬೇಡವೇ ಬೇಡ ಎಂದು ಗೇಟಿನ ಮುಂದೆ ಕೂತರು. ತಂಗಿಯೂ ಒಂದು ದಿನ ಅವರ ಜೊತೆ ಕೂತಿದ್ದಳಂತೆ, ಗಂಡ ಗೇಟಿನ ಒಳಗಿದ್ದಾಗಲೇ.

ನಾಲ್ಕು ದಿನ ಇದ್ದು ಹೋಗುತ್ತೇನೆ ಅಂದವಳನ್ನು ಅವ್ವ ಬಿಡಬೇಕಲ್ಲ! ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬದೆ ನಾವು ಮಗಳನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಅವ್ವ ಉಡಿಯನ್ನೇ ತುಂಬಲಿಲ್ಲ. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಕಳಿಸಬಾರದು, ಅದು ಎಲ್ಲರಿಗೂ ಗೊತ್ತು. ಅವ್ವ ಅದಕ್ಕೆ ಶನಿವಾರ ಸೇರಿಸಿದಳು, ಆಮೇಲೆ ಅಮಾವಾಸ್ಯೆ, ಅದರ ಮಾರನೇ ದಿನ. ಕೊನೆಗೆ ವಾರದಲ್ಲಿ ಒಳ್ಳೆಯ ದಿನವೇ ಉಳಿಯಲಿಲ್ಲ. ತಂಗಿಗೆ ಹೆದರಿಕೆಯೂ ಇತ್ತು, ಗಂಡನನ್ನು ಒಬ್ಬನೇ ಬಿಟ್ಟು ಬಂದ ಸಂಕಟವೂ ಇತ್ತು.

ಅವಳ ಸಪ್ಪೆ ಮುಖ ನೋಡಲಾಗದೆ, ಏನೂ ಆಗಲ್ಲವ್ವ ಎಂದು ನಾನೇ ಹೇಳಹೋದೆ. ಟಿವಿಯಲ್ಲಿ ಕೇಳಿದ್ದಕ್ಕೆ ಉಪ್ಪುಖಾರ ಹಚ್ಚಿ ವಿವರಿಸಿದೆ. ಅವ್ವ ಮೆಕ್ಕೆಜೋಳ ಬಿಡಿಸುವುದನ್ನು ನಿಲ್ಲಿಸದೆ, "ಬೋರಿನ ಮೋಟ್ರು ಸುಡೋವಾಗೂ ನೀ ಹಿಂಗ ಅಂದಿದ್ದಿ" ಎಂದಳು.

ಅದು ನಿಜ. ಸ್ಟಾರ್ಟರ್ ಡಬ್ಬಿಯಿಂದ ಸುಟ್ಟ ವಾಸನೆ ಬಂದಿದ್ದರೂ, ಒಂದು ತಾಸು ಆರಲು ಬಿಟ್ಟು ಮತ್ತೆ ಗುಂಡಿ ಒತ್ತಿದ್ದೆ. ಮೋಟರು ಪೂರ್ತಿ ಸುಟ್ಟುಹೋಯಿತು. ನಾನೂ ಒಂದು ತೆನೆ ಎತ್ತಿಕೊಂಡು ಬಿಡಿಸತೊಡಗಿದೆ.

ಮೂರನೇ ವಾರ ತಂಗಿಯ ಗಂಡನೇ ಕರೆಯಲು ಬಂದರು. ಸ್ಥಾವರ ಶುರುವಾಗುವ ದಿನ ಗೊತ್ತಾಗಿತ್ತು. ಅಂದು ಅವರದ್ದೇ ಪಾಳಿ. ಅವರೂ ಏನೂ ಆಗಲ್ಲ ಅನ್ನುತ್ತಾರೆ ಎಂದು ನಾನು ಕಾದಿದ್ದೆ. ಅವ್ವ ಮಂಡಕ್ಕಿ, ಚಹಾ ಕೊಟ್ಟು ನೇರ ಕೇಳಿದಳು, "ನಿಮಗ ಹೆದರಿಕಿ ಇಲ್ಲೇನ್ರೀ?"

"ಇದೆ ಅತ್ತೆ. ಅದ್ಕೇ ಒಂದ್ಸಲ ನೋಡಿದ್ದನ್ನ ಇನ್ನೊಂದ್ಸಲ ನೋಡ್ತೀನಿ."

ಮಾರನೇ ದಿನ ಶನಿವಾರ, ಅವಳೇ ಬೇಡವೆಂದಿದ್ದ ದಿನ. ಬೆಳಿಗ್ಗೆಯೇ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು.

ತವರು ಬರಿದಾಗಬಾರದೆಂದು ಮಗಳು ಉಡಿಯಿಂದ ಒಂದು ಹಿಡಿ ಅಕ್ಕಿಯನ್ನು ವಾಪಸು ಕೊಡುವುದು ಪದ್ಧತಿ. ಅದನ್ನು ಮನೆಯ ಅಕ್ಕಿಗೆ ಬೆರೆಸಬೇಕು. ಅವ್ವ ಬೆರೆಸಲಿಲ್ಲ, ಅರಿವೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ನೇತು ಹಾಕಿದಳು. ಯಾಕವ್ವ ಎಂದರೆ, ಅಲ್ಲಿಯ ಸುದ್ದಿ ಬರೋತನಕ ಇರಲಿ ಬಿಡು ಎಂದಳು.

ಶುರುವಾಗಬೇಕಿದ್ದ ದಿನ ಮಧ್ಯಾಹ್ನ ತಂಗಿ ಫೋನ್ ಮಾಡಿದಳು. ಸ್ಥಾವರ ಶುರುವಾಗಿರಲಿಲ್ಲ. ಎರಡನೇ ಸಲ ನೋಡುವಾಗ ಒಂದು ವಾಲ್ವ್ ಸರಿ ಕಾಣದೆ, ಮೇಲಿನವರು ಗೊಣಗಿದರೂ, ಅವಳ ಗಂಡನೇ ಕೆಲಸ ನಿಲ್ಲಿಸಿದ್ದರು. ಇದನ್ನು ಕೇಳಿ ಅವ್ವ ಇನ್ನಷ್ಟು ಹೆದರುತ್ತಾಳೆ ಅಂದುಕೊಂಡೆ. ಅವಳು ಎದ್ದು ಗೂಟದ ಗಂಟು ಬಿಚ್ಚಿದಳು.

"ನಿನಗೂ ಇಷ್ಟು ಹೆದರಿಕಿ ಇದ್ದಿದ್ರ ಮೋಟ್ರು ಉಳೀತಿತ್ತು" ಎಂದು ನನ್ನನ್ನು ಚುಚ್ಚಿ, ಆ ಹಿಡಿ ಅಕ್ಕಿಯನ್ನು ಮನೆಯ ಅಕ್ಕಿ ಡಬ್ಬಿಗೆ ಸುರಿದು ಕೈಯಾಡಿಸಿದಳು.